ಉದ್ದಗಾಡಿಯ ಪಿಕಪ್

ಮಾತು ನಿಂತುಹೋದ ಮೇಲೆ ರಾಚಯ್ಯನವರ ಬಾಯಲ್ಲಿ ಉಳಿದದ್ದು ಒಂದೇ ಪದ: ಪಿಕಪ್.

ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ ಕಪಿಲೆಯಲ್ಲಿ ಮಿಂದು ಬಂದು, ಹಣೆಗೆ ವಿಭೂತಿ ಇಟ್ಟು, ಪೂಜೆಗೆ ಕುಳಿತವರು ಕುಳಿತಲ್ಲೇ ಬಲಕ್ಕೆ ವಾಲಿದ್ದರು. ಮೈಸೂರಿನ ಆಸ್ಪತ್ರೆಯಿಂದ ನಂಜನಗೂಡಿನ ಮನೆಗೆ ಮರಳುವ ಹೊತ್ತಿಗೆ ಬಲಗೈ ಬಲಗಾಲು ಸೋತು, ತುಟಿ ಒಂದು ಕಡೆಗೆ ಜಾರಿತ್ತು. ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಿಳಿದದ್ದನ್ನು ಹೇಳಲಾಗುತ್ತಿರಲಿಲ್ಲ. ಹೀಗಾದವರಿಗೆ ಕೆಲವೊಮ್ಮೆ ಒಂದೋ ಎರಡೋ ಪದ ಉಳಿಯುತ್ತವೆ, ಯಾವುದು ಉಳಿಯುತ್ತದೆಂದು ಹೇಳಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಊರಲ್ಲಿ ಎಲ್ಲಿ ಕಾವ್ಯ ಓದಿಸಿದರೂ ಹಿಂದಿನ ಕಂಬಕ್ಕೆ ಒರಗಿ ಕೂತು ಕೇಳಿ, ಮಾರನೆಯ ಬೆಳಿಗ್ಗೆ ತಮ್ಮ ಟ್ಯಾಕ್ಸಿ ಒರೆಸುತ್ತ ಅವೇ ಸಾಲುಗಳನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದ ಮನುಷ್ಯ. ಅಷ್ಟು ಪದ್ಯಗಳಲ್ಲಿ ಒಂದು ಸಾಲಾದರೂ, ಹೋಗಲಿ, ಶಿವನ ಹೆಸರಾದರೂ ಉಳಿಯಬಾರದಿತ್ತೇ ಎಂದು ಸೊಸೆ ಪಲ್ಲವಿ ದೇವರ ಮುಂದೆ ಕಣ್ಣೊರೆಸಿಕೊಂಡಳು. ಉಳಿದದ್ದು ಟ್ಯಾಕ್ಸಿ ಸ್ಟ್ಯಾಂಡಿನ ಪದ.

ಜಗಲಿಯ ಮಂಚದಿಂದ ಅಂಗಳದಲ್ಲಿ ನಿಂತ ಗಾಡಿಯನ್ನು ನೋಡುತ್ತ ಅವರು ಅದನ್ನೇ ಹೇಳುವರು. ಎಡಗೈ ಮುಂದಕ್ಕೆ ಚಾಚಿ, ಬೆರಳು ಮಡಚಿ, ಎದೆಯ ಕಡೆಗೆ ಎಳೆದುಕೊಳ್ಳುವರು. "ಪಿಕಪ್. ಪಿಕಪ್."

ಗಾಡಿ ಹಳೆಯ ಕಾಲದ ಸ್ಟೇಷನ್ ವ್ಯಾಗನ್. ಸ್ಟ್ಯಾಂಡಿನವರ ಬಾಯಲ್ಲಿ ಉದ್ದಗಾಡಿ. ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ನೀಡಿ ಮಲಗಬಹುದು. ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ಎಡಗೈಯಲ್ಲಿ ಹಿಡಿದು ಎದೆಯ ಕಡೆಗೆ ಎಳೆದು ಗೇರು ಹಾಕಬೇಕು. ಊಟಿ ರಸ್ತೆಯ ಪಕ್ಕದಲ್ಲಿ, ಮನೆಯ ಮುಂದೆಯೇ ಗ್ಯಾರೇಜು ನಡೆಸುವ ಮಗ ಬಸವೇಶನಿಗೆ ಅಪ್ಪನ ಕೈ ನೋಡಿದೊಡನೆ ಅದು ಗೇರು ಎಂದು ತಿಳಿಯಿತು. ಪದದ ಅರ್ಥವಂತೂ ಅವನು ಕೇಳುತ್ತಲೇ ಬೆಳೆದದ್ದು.

ಅವನು ಐಟಿಐ ಓದುತ್ತಿದ್ದಾಗ ಅಜ್ಜಿ ತೀರಿಕೊಂಡಿದ್ದರು. ಅದು ಟಿ. ನರಸೀಪುರದಲ್ಲಿ, ರಾಚಯ್ಯನವರ ಅಕ್ಕ ಶಿವನಂಜಮ್ಮನ ಮನೆಯಲ್ಲಿ. ಆವತ್ತು ರಾಚಯ್ಯನವರು ಬಾಡಿಗೆಗೆ ಕಲ್ಲಿಕೋಟೆಗೆ ಹೋಗಿದ್ದರು. ಸುದ್ದಿ ತಿಳಿದು ಹೊರಟರೆ, ಗಾಡಿ ವಯನಾಡಿನ ಘಾಟಿ ಹತ್ತಲಾರದೆ ತಿರುವಿಗೊಮ್ಮೆ ಕುದಿದು ನಿಂತಿತು. ನರಸೀಪುರ ಮುಟ್ಟುವಾಗ ಕತ್ತಲಾಗಿತ್ತು, ಮಣ್ಣು ಮುಚ್ಚಿ ಆಗಿತ್ತು. ಹೆತ್ತವಳ ಮುಖ ಕಾಣಲಿಲ್ಲ, ಅಕ್ಕ ತನಗಾಗಿ ಕಾಯಲಿಲ್ಲ ಎನಿಸಿತು. "ನಂಗಿನ್ನು ಅಕ್ಕ ಅನ್ನೋಳು ಇಲ್ಲ," ಎಂದು ನಡುಬೀದಿಯಲ್ಲಿ ಹೇಳಿ ಗಾಡಿ ತಿರುಗಿಸಿದವರು ಮತ್ತೆ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಮನೆಯಲ್ಲಿ ಯಾರೂ ಅತ್ತೆಯ ಹೆಸರೆತ್ತುವಂತಿರಲಿಲ್ಲ. ಆದರೆ ಉಂಡು ಕೈ ತೊಳೆಯುವಾಗಲೋ, ಟೈರಿಗೆ ಗಾಳಿ ತುಂಬುವಾಗಲೋ, ಯಾರನ್ನೂ ನೋಡದೆ ಒಂದು ಮಾತು ಬರುತ್ತಿತ್ತು: "ಗಾಡಿಗೆ ಪಿಕಪ್ ಇದ್ದಿದ್ರೆ ಅವ್ವನ ಮುಖ ನೋಡ್ತಿದ್ದೆ."

ಈಗ ಎಲ್ಲ ಮಾತೂ ಹೋಗಿ ಆ ಒಂದು ಪದ ಉಳಿದಿದೆ ಎಂದರೆ, ಅಪ್ಪನ ಎದೆಯಲ್ಲಿ ಆ ಘಾಟಿ ಇನ್ನೂ ಮುಗಿದಿಲ್ಲ ಎಂದೇ ಬಸವೇಶ ತಿಳಿದ.

"ಈ ಎಂಜಿನ್ ಇಳಿಸ್ತೀನಿ," ಎಂದ ಗ್ಯಾರೇಜಿನ ವೆಲ್ಡರ್ ಸಿದ್ದಯ್ಯನಿಗೆ. "ಪರ್ಫಾರ್ಮೆನ್ಸ್ ಎಂಜಿನ್ ಕೂರಿಸ್ತೀನಿ. ಟರ್ಬೊದು."

ಸಿದ್ದಯ್ಯ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನಕ್ಕ. "ತಾತಂಗೆ ಮೊಮ್ಮಗನ ಗುಂಡಿಗೆ ಹಾಕ್ತೀನಿ ಅಂತೀಯ. ಮೈ ತಡೀತದಾ ನೋಡ್ಕೊ ಬುದ್ದಿ. ಎಂಜಿನ್ನು ಮುಂದಕ್ಕೋಗಿ ಬಾಡಿ ಇಲ್ಲೇ ಉಳ್ಕಂಡ್ರೆ?"

"ಬಾಡಿಗೆ ನೀನಿದ್ದೀಯಲ್ಲ."

"ನಾನಿವ್ನಿ. ಆದ್ರೂ ಇದೇನ್ ಕೆಟ್ಟಿಲ್ವಲ್ಲಪ್ಪ. ನಿಧಾನಕ್ಕಾದ್ರೂ ಓಯ್ತದೆ."

"ನಿಧಾನಕ್ಕೆ ಹೋಗಿದ್ದಕ್ಕೇ ಅಲ್ವ ಅಷ್ಟೆಲ್ಲ ಆಗಿದ್ದು," ಎಂದ ಬಸವೇಶ.

ಹಿಂಭಾಗ ಜಜ್ಜಿಹೋಗಿದ್ದ ದೊಡ್ಡ ಕಾರೊಂದರ ಎಂಜಿನ್ನು, ಗೇರ್‌ಬಾಕ್ಸಿನ ಸಮೇತ, ಮೈಸೂರಿನ ಗುಜರಿಯಲ್ಲಿ ಸಿಕ್ಕಿತು. ಬಸವೇಶ ಉದ್ದಗಾಡಿಯ ಬಾನೆಟ್ ಕಳಚಿ, ಹಳೇ ಡೀಸೆಲ್ ಎಂಜಿನ್ನಿಗೆ ಸರಪಳಿ ಸುತ್ತಿ ಮೇಲಕ್ಕೆ ಎಳೆಸಿದ. ಅದು ತೂಗಾಡುತ್ತ ಹೊರಗೆ ಬಂದಾಗ ಜಗಲಿಯಿಂದ ರಾಚಯ್ಯನವರು ಕೂಗಿಕೊಂಡರು. "ಪಿಕಪ್! ಪಿಕಪ್!" ಕಣ್ಣೀರು ಸೊಟ್ಟ ತುಟಿಯ ಮೇಲೆ ಹರಿಯಿತು. ಎಡಗೈಯಲ್ಲಿ ಮಂಚದ ಪಟ್ಟಿಯನ್ನು ಬಡಿದರು.

"ಅಳಬ್ಯಾಡಿ ಯಜಮಾನ್ರೆ," ಎಂದು ಸಿದ್ದಯ್ಯ ಕೂಗಿ ಹೇಳಿದ. "ಇದ್ರಪ್ಪನಂಥದ್ದು ಕೂರಿಸ್ತಾನೆ ನಿಮ್ಮಗ. ಊಟಿ ಬಸ್ಸುಗಳೆಲ್ಲ ಪಕ್ಕಕ್ಕೆ ನಿಂತ್ಕೋಬೇಕು!"

ಬಸವೇಶನೂ ಕಣ್ಣೊರೆಸಿಕೊಂಡ. ಅಪ್ಪನಿಗೆ ಕಡೆಗೂ ಸಮಾಧಾನವಾಯಿತಲ್ಲ ಎಂದುಕೊಂಡ. ಇಳಿಸಿದ ಎಂಜಿನ್ನನ್ನು ಹುಲ್ಲಹಳ್ಳಿಯ ಆಲೆಮನೆಯವರು ಕಬ್ಬಿನ ಗಾಣಕ್ಕೆಂದು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು.

ಹೊಸದು ಸುಲಭಕ್ಕೆ ಕೂರಲಿಲ್ಲ. ಎಂಜಿನ್ ಕೂರುವ ಹಿಡಿಗಳನ್ನು ಕತ್ತರಿಸಿ ಬೇರೆ ಕಡೆ ಬೆಸೆಯಬೇಕಾಯಿತು. ಡ್ರೈವರನ ಕಾಲಿನ ಮುಂದಿನ ತಗಡನ್ನು ಬಡಿದು ಒಳಗೆ ತಳ್ಳಿದರು. ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಲೇತಿನಲ್ಲಿ ಕೊಯ್ದು ಗಿಡ್ಡ ಮಾಡಿಸಿದರು. ಅಷ್ಟು ಬಲಕ್ಕೆ ಹಳೇ ಬ್ರೇಕು ಸಾಲದು, ಅದನ್ನೂ ಬದಲಿಸಿದರು. ವೈರುಗಳ ಗಂಟು ಬಿಡಿಸಲು ಮೈಸೂರಿನಿಂದ ಒಬ್ಬ ಬಂದು, ತಲೆ ಕೆರೆದುಕೊಂಡು, ಮತ್ತೆ ಬರುತ್ತೇನೆಂದು ಹೋದ. ಎಂಜಿನ್ ಬದಲಿಸಲು ಆರ್‌ಟಿಓ ಒಪ್ಪಿಗೆ ಬರಬೇಕಿತ್ತು. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಗಾಡಿ ಕಲ್ಲುಗಳ ಮೇಲೆ ಬಾಯ್ದೆರೆದುಕೊಂಡು ನಿಂತಿತ್ತು. ಅದನ್ನೇ ನೋಡುತ್ತ ರಾಚಯ್ಯನವರು ದಿನ ಬೆಳಗಾದರೆ ಅದೇ ಪದ, ಅದೇ ಕೈ. ಮೊದಮೊದಲು ಗಟ್ಟಿಯಾಗಿ, ಬರಬರುತ್ತ ಮೆಲ್ಲಗೆ.

ಹೊಸ ಗೇರಿನ ಕಡ್ಡಿ ನೆಲದಿಂದ ಎದ್ದಿತ್ತು. ಸ್ಟೀರಿಂಗಿನ ಪಕ್ಕದ್ದನ್ನು ಬಿಚ್ಚಿ ಎಸೆದಾಗಿತ್ತು. ಆ ದಿನ ಪಲ್ಲವಿ ಮಾವನಿಗೆ ಗಂಜಿ ಕುಡಿಸಿ ಬಂದು ಗಂಡನನ್ನು ಕೇಳಿದಳು.

"ರೀ, ಮಾವ ಆ ಗೇರು ಬಿಚ್ಚಾಕಿದ್ದು ನೋಡಿದಾರೆ. ಆದ್ರೂ ಕೈಯ ಹಂಗೇ ಎದೆಗೇ ಎಳ್ಕೋತಾರಲ್ಲ?"

"ಜೀವಮಾನದ ಅಭ್ಯಾಸ ಕಣೆ."

"ಬೇರೆ ಏನಾದ್ರೂ ಹೇಳ್ತಿರಬೋದಾ ಅಂತ."

"ಪಿಕಪ್ ಅಂದ್ರೆ ಇನ್ನೇನಿರತ್ತೆ? ಗ್ಯಾರೇಜಲ್ಲಿ ಹುಟ್ಟಿದೋನಿಗೆ ನೀನು ಪಿಕಪ್ ಅಂದ್ರೇನು ಅಂತ ಹೇಳ್ಕೊಡ್ತೀಯಾ?" ಎಂದು ಅವನು ನಕ್ಕ. ಅವಳೂ ನಕ್ಕು ತಟ್ಟೆ ತೊಳೆಯಲು ಹೋದಳು.

ಯುಗಾದಿ ಆದ ಮೇಲೆ, ನಂಜುಂಡನ ವಾರವೆಂದು ಸೋಮವಾರ ನೋಡಿ ಗಾಡಿ ತೆಗೆದರು. ಪಲ್ಲವಿ ಬಾನೆಟ್ಟಿಗೆ ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣು ಇಟ್ಟು, ಕಾಯಿ ಒಡೆದಳು. ಬಸವೇಶ ಅಪ್ಪನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ. ಕೀ ತಿರುವಿದರೆ ಎಂಜಿನ್ನು ಎದ್ದದ್ದೇ ತಿಳಿಯಲಿಲ್ಲ, ಅಷ್ಟು ಮೆತ್ತಗೆ. ಅಂಗಳವೆಲ್ಲ ನಡುಗಿಸುತ್ತಿದ್ದ ಆ ದಡದಡ ಎಲ್ಲಿ ಹೋಯಿತೆಂದು ರಾಚಯ್ಯನವರು ಒಮ್ಮೆ ಅತ್ತಿತ್ತ ನೋಡಿದರು.

ಬೇಗೂರಿನವರೆಗೆ ಹೆದ್ದಾರಿಯಲ್ಲಿ ಓಡಿಸಿ ಬರೋಣವೆಂದು ಬಸವೇಶ ಎಣಿಸಿದ್ದ. ಆದರೆ ರಸ್ತೆ ಕವಲೊಡೆಯುವಲ್ಲಿ ಅಪ್ಪ ಎಡಗೈ ಎತ್ತಿ, ಡ್ಯಾಶ್‌ಬೋರ್ಡು ಬಡಿದು, ಸುತ್ತೂರಿನ ದಾರಿಯತ್ತ ತೋರಿಸಿದರು.

"ಆಯ್ತಪ್ಪ, ಈ ಕಡೆಯೇ ಹೋಗಾನ. ಇಲ್ಲೂ ರಸ್ತೆ ಚೆನ್ನಾಗೈತೆ."

ಗದ್ದೆ ಬಯಲಿನ ನಡುವೆ ರಸ್ತೆ ನೇರವಾದಾಗ ಅವನು ಕಾಲು ಒತ್ತಿದ. ಉದ್ದಗಾಡಿ ಒಂದು ಕ್ಷಣ ಉಸಿರು ಹಿಡಿದು, ಮರುಕ್ಷಣ ಜಿಗಿಯಿತು. ಇಬ್ಬರ ಬೆನ್ನೂ ಸೀಟಿಗೆ ಒತ್ತಿಕೊಂಡಿತು. ಕಬ್ಬಿನ ಲಾರಿಯೊಂದು ಎದುರಿಗಿದ್ದದ್ದು ಹಿಂದಾಯಿತು.

"ನೋಡಪ್ಪ! ಪಿಕಪ್ ಅಂದ್ರೆ ಇದು! ಹೆಂಗೈತೆ?"

ರಾಚಯ್ಯನವರು ರಸ್ತೆ ನೋಡುತ್ತಿರಲಿಲ್ಲ. ಕುತ್ತಿಗೆ ತಿರುಗಿಸಲು ಹೆಣಗುತ್ತ ಹಿಂದಿನ ಸೀಟಿನ ಕಡೆಗೆ ಕೈ ಚಾಚಿದ್ದರು. ಸೀಟಿನ ಬೆನ್ನನ್ನು ತಟ್ಟಿದರು, ಮಡಚು ಎಂಬಂತೆ. ಮುಂದಿನ ದಾರಿ ತೋರಿಸಿದರು. ಚಾಚಿದ ಕೈಯನ್ನು ಮೆಲ್ಲಗೆ, ಯಾರನ್ನೋ ಹಿಡಿದು ಕರೆತರುವ ಹಾಗೆ, ಎದೆಗೆ ತಂದುಕೊಂಡರು.

"ಪಿಕಪ್," ಎಂದರು.

ಬಸವೇಶ ಗಾಡಿ ನಿಧಾನ ಮಾಡಿದ. ಸ್ಟ್ಯಾಂಡಿನಿಂದ ಅಪ್ಪ ಫೋನಿನಲ್ಲಿ ಹೇಳುತ್ತಿದ್ದದ್ದು ಕಿವಿಯಲ್ಲಿ ಕೇಳಿಸಿತು. ಮಧ್ಯಾಹ್ನ ಊಟಕ್ಕೆ ಬರಲಾಗದ ದಿನಗಳಲ್ಲೆಲ್ಲ ಅದೇ ಮಾತು: ನೀವು ಉಣ್ಕಳಿ, ಒಂದು ಪಿಕಪ್ ಐತೆ, ಕರ್ಕೊಂಡ್ ಬಂದ್ಬುಡ್ತೀನಿ. ಎಷ್ಟು ಸಾವಿರ ಸಲ ಕೇಳಿದ್ದ. ಎಂಜಿನ್ನಿನ ಮಾತು ನೆನಪಿಗೆ ಬಂದವನಿಗೆ ಅಪ್ಪನ ಕಸುಬಿನ ಮಾತು ನೆನಪಿಗೆ ಬಂದಿರಲಿಲ್ಲ.

ಹುಣಸೆಮರದಡಿ ಗಾಡಿ ನಿಲ್ಲಿಸಿದ.

"ಅಪ್ಪ, ಯಾರನ್ನಾದ್ರೂ ಕರ್ಕೊಂಡ್ ಬರಬೇಕಿತ್ತಾ?"

ರಾಚಯ್ಯನವರ ಕೈ ತೊಡೆಯ ಮೇಲೆ ಬಿತ್ತು. ಕಣ್ಣು ಮುಚ್ಚಿಕೊಂಡು, ತೆರೆದು, ತಲೆಯಾಡಿಸಿದರು. ದಾರಿಯ ಕಡೆ ನೋಡಿದರು.

"ನರಸೀಪುರದಿಂದಾನಾ? ಅತ್ತೆನಾ?"

ಆಮೇಲೆ ಅವರು ಅತ್ತದ್ದು ಮಕ್ಕಳು ಅಳುವ ಹಾಗೆ ಇತ್ತು. ಬಸವೇಶ ಸೀಟು ಬಿಟ್ಟು ಇಳಿದು, ಹಿಂದಿನ ಬಾಗಿಲು ತೆಗೆದು, ಸೀಟನ್ನು ಮಡಚಿ ಬಂದ. ಮತ್ತೆ ಅವನು ವೇಗವಾಗಿಯೇ ಓಡಿಸಿದ. ಆದರೆ ಆ ವೇಗದಲ್ಲಿ ಅವನಿಗೆ ಯಾವ ಸಂತೋಷವೂ ಇರಲಿಲ್ಲ.

ನರಸೀಪುರದಲ್ಲಿ ಹೊಳೆಯ ಕಡೆಗೆ ಇಳಿಯುವ ಬೀದಿ. ಅಪ್ಪನ ಬೆರಳು ಒಂದು ತಿರುವನ್ನೂ ತಪ್ಪಲಿಲ್ಲ. ಶಿವನಂಜಮ್ಮನ ಮಗ ಪ್ರಸಾದ್ ಮನೆ ಮುಂದೆ ಗೊಬ್ಬರದ ಮೂಟೆ ಇಳಿಸಿಕೊಳ್ಳುತ್ತಿದ್ದ. ಗಾಡಿ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನಯ್ಯ ಬಸವೇಶ, ಈಗ ಪುರುಸೊತ್ತಾಯ್ತಾ? ಎಂಜಿನ್ ಹುಟ್ಟಿ ಬಂತಾ?"

"ಭಾವ, ಮೊದಲು ಅಪ್ಪನ್ನ ಇಳಿಸಾನ, ಒಂದು ಕೈ ಕೊಡಿ."

ಪ್ರಸಾದ್ ಇನ್ನೇನೋ ಅನ್ನಲು ಬಾಯಿ ತೆರೆದವನು ಇನ್ನೊಂದು ಬಾಗಿಲಿನಲ್ಲಿ ಸೋದರಮಾವನ ಮುಖ ಕಂಡು ನಿಂತುಬಿಟ್ಟ. ಬಿಳಿ ಗಡ್ಡ, ಜಾರಿದ ತುಟಿ, ಮಡಿಲಲ್ಲಿ ಬಿದ್ದ ಬಲಗೈ. "ಅಯ್ಯೋ ಶಿವನೇ. ಯಾವಾಗ?"

"ಕಾರ್ತಿಕದಲ್ಲಿ. ಎರಡನೇ ಭಾನುವಾರ."

"ಭಾನುವಾರ?" ಪ್ರಸಾದನ ದನಿ ಇಳಿಯಿತು. "ಹಿಂದಿನ ದಿನ ತಾನೇ ಫೋನ್ ಮಾಡಿದ್ರು ಕಣೋ. ಅವ್ವ ಬಿದ್ದು ಸೊಂಟ ಮುರ್ಕೊಂಡಿದ್ದನ್ನ ಯಾರೋ ಹೇಳಿದ್ರಂತೆ. ಅಷ್ಟು ವರ್ಷ ಆದ್ಮೇಲೆ ಅಕ್ಕ ಅಂದ್ರು. ‘ಸೋಮವಾರ ನಾನೇ ಬಂದು ಪಿಕಪ್ ಮಾಡ್ತೀನಿ, ಗಾಡೀಲಿ ಹಾಸಿಗೆ ಹಾಸ್ತೀನಿ, ಮಲಗ್ದಂಗೇ ತವರಿಗೆ ಬರೀವಂತೆ, ನಂಜುಂಡನ ನೋಡೀವಂತೆ’ ಅಂದ್ರು. ಅವ್ವ ಸೋಮವಾರ ಬೆಳಗಿಂದ ಹೊಸ ಸೀರೆ ಉಡಿಸಿ ಅಂತ ಕೂತಿದ್ಲು. ಬರಲಿಲ್ಲ. ನಾನು ನಿನ್ ಗ್ಯಾರೇಜಿಗೆ ಫೋನ್ ಮಾಡಿದ್ನಲ್ಲೋ."

"ಯಾವಾಗ?"

"ಹದಿನೈದು ದಿನ ಬಿಟ್ಟು. ಯಾರೋ ಎತ್ಕೊಂಡು, ಗಾಡಿ ಬಿಚ್ಚಾಕವ್ರೆ, ಎಂಜಿನ್ನೇ ಇಲ್ಲ ಅಂದ. ಮಾವಂಗೆ ಕೊಡಪ್ಪ ಅಂದ್ರೆ, ‘ಯಜಮಾನ್ರು ಮಾತಾಡಕಿಲ್ಲ’ ಅಂದ. ನಮ್ ಜೊತೆ ಮಾತಾಡಕಿಲ್ಲ ಅಂತವ್ರೆ ಅಂದ್ಕೊಂಡು ನಾನೂ ಸಿಟ್ಟಿನಲ್ಲಿ ಇಟ್ಬುಟ್ಟೆ." ಪ್ರಸಾದ್ ಮುಖ ಒರೆಸಿಕೊಂಡ. "ಶಿವರಾತ್ರಿಗಂಟ ಗ್ಯಾಪಕ ಚೆನ್ನಾಗೇ ಇತ್ತು ಕಣೋ, ಈಗ ಯಾರ್ ಬಂದ್ರೂ ಗುರ್ತು ಸಿಗಾಕಿಲ್ಲ. ಅದಕ್ಕೂ ಮೊದಲು ಬಂದಿದ್ರೆ..."

ಇಬ್ಬರೂ ಸೇರಿ ರಾಚಯ್ಯನವರನ್ನು ತೋಳಿನಲ್ಲಿ ಹಿಡಿದು ಒಳಗೆ ನಡೆಸಿದರು.

ಶಿವನಂಜಮ್ಮ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೈ ಹಿಡಿಯಷ್ಟಾಗಿತ್ತು.

"ಅವ್ವ, ಮಾವ ಬಂದವ್ರೆ ನೋಡು. ರಾಚಯ್ಯ ಮಾವ."

"ನಿನ್ನೇನೂ ಅಂಗೇ ಅಂದೆ," ಎಂದರು ಅವರು, ಬೇಸರವೂ ಇಲ್ಲದ ದನಿಯಲ್ಲಿ. "ಮೊನ್ನೇನೂ ಅಂದೆ. ಗಂಜಿ ಕುಡಿ, ನಿನ್ ತಮ್ಮ ಬತ್ತಾನೆ ಅಂದೆ. ಸುಳ್ಳು ಬೊಗಳಬ್ಯಾಡ ಕಣೋ ನನ್ನತ್ರ."

"ಇವತ್ತು ದಿಟ ಅತ್ತೆ," ಎಂದ ಬಸವೇಶ. "ಗಾಡಿ ತಂದಿದೀವಿ. ಹೊರಗೇ ನಿಂತದೆ."

"ಯಾವ ಗಾಡಿ? ಈಗ ಬಂತಲ್ಲ ಅದಾ?" ಮುದುಕಿ ಕತ್ತು ಕೊಂಕಿಸಿದರು. "ನನ್ ತಮ್ಮನ ಗಾಡಿ ಸದ್ದು ನಂಗೊತ್ತಿಲ್ವಾ? ಬೀದಿ ತುದೀಲಿದ್ದಾಗಲೇ ಪಾತ್ರೆ ಅಲ್ಲಾಡ್ತವೆ. ಇದ್ಯಾವ್ದೋ ಬೆಕ್ಕು ಬಂದಂಗ್ ಬಂತು. ನಾನು ಕಂಡೋರ ಗಾಡಿಗೆ ಹತ್ತಾಕಿಲ್ಲ. ಅವ್ನೇ ಬತ್ತಾನೆ. ಅವ್ನೇ ಬಂದು ಕರ್ದ್ರೆ ಓಯ್ತೀನಿ."

ರಾಚಯ್ಯನವರು ಮಗನ ತೋಳು ಬಿಡಿಸಿಕೊಂಡು ಮಂಚದ ಪಕ್ಕ ನೆಲಕ್ಕೆ ಕುಸಿದು ಕೂತರು. ಎಡಗೈಯಿಂದ ಅಕ್ಕನ ಕೈ ಹಿಡಿದರು. ಬಾಯಿ ತೆರೆಯಿತು, ಗಂಟಲ ನರಗಳು ಉಬ್ಬಿದವು. ಅಕ್ಕ ಎನ್ನಲು ಹೋದದ್ದು ಎಲ್ಲರಿಗೂ ಕಂಡಿತು.

"ಪಿಕಪ್," ಎಂದರು.

ಅದು ಅವರ ದನಿಯಾಗಿರಲಿಲ್ಲ. ಒಣಗಿದ, ಒಡೆದ ದನಿ. ಶಿವನಂಜಮ್ಮ ಕೈ ಎಳೆದುಕೊಳ್ಳಲಿಲ್ಲ.

"ಹೂಂ ಕಣಪ್ಪ, ಅಂಗೇ ಅಂದಿದ್ದ. ಪಿಕಪ್ ಮಾಡ್ತೀನಿ ಅಂತ. ನಿಂಗ್ಯಾರು ಹೇಳಿದ್ರು? ನಿನ್ ಕೈಲಿ ಹೇಳಿ ಕಳಿಸಿದ್ನಾ?" ಮುಖ ಸ್ವಲ್ಪ ಅರಳಿತು. "ಸ್ಟ್ಯಾಂಡಿನವನಾ ನೀನು? ಚೆನ್ನಾಗವ್ನಾ ಅವ?"

ಬಸವೇಶ ಬಾಗಿ, "ಅತ್ತೆ, ಇವರೇ ಅಪ್ಪ. ಮಾತು ಹೋಗಿದೆ, ಅದಕ್ಕೇ..." ಎಂದು ಗಟ್ಟಿಯಾಗಿ ಹೇಳಿದ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮನ ಮಾತು ಹೋಗುವುದುಂಟೇ? ಪದ್ಯ ಒಂದು ಸಲ ಕೇಳಿದರೆ ತಿರುಗಿ ಹೇಳುತ್ತಿದ್ದ ಹುಡುಗ. ಪ್ರಸಾದ್ ಕಣ್ಣಲ್ಲೇ ಬೇಡವೆಂದ. ಇನ್ನಷ್ಟು ಹೇಳಿದರೆ ಕೂಗಾಡುತ್ತಾಳೆ, ಉಸಿರು ಹತ್ತುತ್ತದೆ ಎಂದು ಪಿಸುಗುಟ್ಟಿದ.

"ಅವಂಗೊಂದು ಮಾತು ಹೇಳ್ತೀಯಾ?" ಶಿವನಂಜಮ್ಮ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. "ನಮ್ಮವ್ವನ ಮಣ್ಣಿನ ದಿನ. ಅವ ದೂರ ಓಗಿದ್ದ. ಐನೋರು ಹೊತ್ತು ಮೀರ್ತದೆ ಅಂದ್ರು. ಗುಂಡಿ ಮುಂದೆ ಅಡ್ಡ ಕೂತ್ಕಂಡವಳು ನಾನು. ನನ್ ತಮ್ಮ ಬರೋಗಂಟ ಒಂದು ಹಿಡಿ ಮಣ್ಣು ಬೀಳಕೂಡದು ಅಂದೆ. ಎಲ್ಲಾರೂ ಬೈದ್ರು. ಹೊತ್ತು ಮುಳುಗ್ತು. ಆಮೇಲೆ ನಮ್ಮತ್ತೆ ಬಂದು ರಟ್ಟೆ ಹಿಡ್ದು ಎಬ್ಬಿಸಿದ್ರು. ಅವ ಬಂದಾಗ ನಾನಿದ ಹೇಳ್ಬೇಕಿತ್ತು. ಅವ ಬೀದೀಲಿ ನಿಂತು ಅಂದ್ನಲ್ಲ, ಅಕ್ಕ ಇಲ್ಲ ಅಂತ. ಇಲ್ಲದೋಳು ಏನ್ ಹೇಳಾದು? ಸುಮ್ಕಾದೆ."

ಮುದುಕಿ ಹಿಡಿದ ಕೈಯನ್ನು ಒಮ್ಮೆ ಸವರಿದರು.

"ತವರಿನ ಹೊಳೆ ನೀರು ಇಲ್ಲಿಗಂಟ ಬತ್ತದೆ. ಅವ್ನೇ ಬರಲಿಲ್ಲ. ಹೇಳ್ತೀಯಾ ಅವಂಗೆ, ನಾನು ಕಾದಿದ್ದೆ ಅಂತ?"

ರಾಚಯ್ಯನವರು ತಲೆಯಾಡಿಸಿದರು. ಮತ್ತೆ ಮತ್ತೆ ಆಡಿಸಿದರು. ಪೊರೆ ಕಣ್ಣಿಗೆ ಅದು ಕಾಣಲಿಲ್ಲ.

"ಯಾಕಪ್ಪ ಸುಮ್ಕಾದೆ? ಹೂಂ ಅನ್ಬ್ಯಾಡ್ವಾ? ಹೇಳೋರಿಗೆ ಕೇಳೋರು ಹೂಂ ಅನ್ಬೇಕು. ಇಲ್ದಿದ್ರೆ ನೀ ಇದ್ದೀಯೋ, ಎದ್ದೋದ್ಯೋ, ಕುರುಡಿಗೆ ಏನ್ ಗೊತ್ತಾದದು?"

ರಾಚಯ್ಯನವರ ಎದೆ ಏರಿತು. ತುಟಿ ಬಿಡದೆ, ನಾಲಗೆ ಆಡದೆ, ಒಳಗಿನಿಂದ ಒಂದು ದನಿ ಬಂತು. "ಹೂಂ."

ಐದು ತಿಂಗಳಲ್ಲಿ ಅವರ ಬಾಯಿಂದ ಬಂದ ಎರಡನೆಯ ಮಾತು ಅದು. ಬಸವೇಶ ಬಾಗಿಲಾಚೆ ನೋಡಿದ. ಹೊರಗೆ ಉದ್ದಗಾಡಿ ಬಾಗಿಲು ತೆರೆದುಕೊಂಡು, ಸೀಟು ಮಡಚಿಕೊಂಡು ನಿಂತಿತ್ತು. ಅದರಲ್ಲಿ ಆ ದಿನ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲವೆಂದು ಅವನಿಗೆ ತಿಳಿದಿತ್ತು. ಅಪ್ಪನನ್ನೂ.

"ಹಾಂ, ಅಂಗೆ," ಎಂದರು ಶಿವನಂಜಮ್ಮ, ಸಮಾಧಾನದಿಂದ. ಹೇಳಿದ್ದೆಲ್ಲ ಅಷ್ಟರಲ್ಲೇ ಮರೆತುಹೋಗಿರಬೇಕು. ಹಿಡಿದ ಕೈ ಬಿಡದೆ ಮೊದಲಿನಿಂದ ಶುರು ಮಾಡಿದರು.

"ನಂಗೊಬ್ಬ ತಮ್ಮ ಅವ್ನೆ ಕಣಪ್ಪ. ನಂಜನಗೂಡಲ್ಲಿ."

"ಹೂಂ," ಎಂದರು ರಾಚಯ್ಯನವರು.